ವಕೀಲರನ್ನು ಕೇಳಿ: ಅಂಗಡಿ ಬೋರ್ಡು, ತಂಬಾಕು ಕಾನೂನು
(ಸಣ್ಣ ಅಂಗಡಿಯವರ ಬಳಗ, ಮೈಸೂರು)

ಸೋಮಣ್ಣ, ಬೀಡಾ ಅಂಗಡಿ: ನಮಸ್ಕಾರ ಮೇಡಂ. ಸಿಗರೇಟು ಏಜೆಂಟ್ ಅಂಗಡಿ ಮೇಲೆ ಲೈಟ್ ಬೋರ್ಡು ಹಾಕಿಸಿದ್ದಾನೆ. ಹೆಸರಿಲ್ಲ, ಪ್ಯಾಕಿನ ಬಣ್ಣ ಮಾತ್ರ. ತಿಂಗಳಿಗೆ ಸ್ವಲ್ಪ ದುಡ್ಡೂ ಕೊಡುತ್ತಾನೆ. ನಿನ್ನೆ ತಪಾಸಣೆಯವರು ಬಂದು ಫೋಟೋ ತೆಗೆದುಕೊಂಡರು. "200 ರೂಪಾಯಿ ದಂಡ, ಕಟ್ಟಿಬಿಡಿ" ಅಂತಾನೆ ಏಜೆಂಟ್. ಅಷ್ಟೇನಾ?

ರಾಜು, ಟೀ ಅಂಗಡಿ: ಬಿಡಿ ಸಿಗರೇಟು ಮಾರಬಹುದಾ ಮೇಡಂ?

ವಕೀಲರು: ರಾಜು, ಮಾರುವ ಹಾಗಿಲ್ಲ.
ಸೋಮಣ್ಣನವರೇ, ಅಷ್ಟೇ ಅಲ್ಲ. ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವುದು 2003ರ ತಂಬಾಕು ಕಾಯ್ದೆಯ 4 ಮತ್ತು 6ನೇ ಕಲಮಿಗೆ, ಅಂದರೆ ಸಾರ್ವಜನಿಕ ಜಾಗದಲ್ಲಿ ಸೇದುವುದು, ವಯಸ್ಸಾಗದವರಿಗೆ ಅಥವಾ ಶಾಲೆ ಹತ್ತಿರ ಮಾರುವುದು, ಇಂಥವಕ್ಕೆ. ಜಾಹೀರಾತು ಬರುವುದು 5ನೇ ಕಲಮಿನಲ್ಲಿ, ಅದು ಕೋರ್ಟಿಗೆ ಹೋಗುತ್ತದೆ. ಮೊದಲ ಸಲ ತಪ್ಪು ಸಾಬೀತಾದರೆ 2 ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಎರಡನೇ ಸಲಕ್ಕೆ 5 ವರ್ಷದವರೆಗೆ. ಅಂಗಡಿ ಬೋರ್ಡು 60 ಸೆಂಟಿಮೀಟರ್‌ಗೆ 45 ದಾಟಬಾರದು. ಎಚ್ಚರಿಕೆ ಇರಬೇಕು. ಮಾರುವ ಮಾಲು ಯಾವ ಬಗೆಯದು ಅಂತಷ್ಟೇ ಬರೆಯಬೇಕು. ಚಿತ್ರ, ಬ್ರ್ಯಾಂಡ್, ಲೈಟು ಯಾವುದೂ ಕೂಡದು. ಹೆಸರಿಲ್ಲ ಅಂತ ನಿರಾಳ ಆಗಬೇಡಿ. ಬ್ರ್ಯಾಂಡಿನ ಬಣ್ಣ, ವಿನ್ಯಾಸ ಬಳಸಿದರೂ ನಿಯಮದಲ್ಲಿ ಅದು ಪರೋಕ್ಷ ಜಾಹೀರಾತೇ. ಇವತ್ತೇ ಇಳಿಸಿ, ಆದರೆ ಎಸೆಯಬೇಡಿ. ಯಾರು ಹಾಕಿಸಿದರು ಅನ್ನುವುದಕ್ಕೆ ಅದೇ ಸಾಕ್ಷಿ. ದುಡ್ಡು ಬಂದ ಲೆಕ್ಕ, ಮೆಸೇಜು ಎಲ್ಲ ಎತ್ತಿಡಿ. ಓದದೆ ಎಲ್ಲೂ ಸಹಿ ಹಾಕಬೇಡಿ.

ಮಹೇಶ, ಪ್ರಾವಿಷನ್ ಸ್ಟೋರ್: *ಫಾರ್ವರ್ಡ್* ಬೋರ್ಡಿನ ಕೆಳಗೆ "ತಂಬಾಕು ಹಾನಿಕರ" ಅಂತ ಬರೆದರೆ ಯಾರೂ ಕೇಸ್ ಹಾಕುವಂತಿಲ್ಲ!! ಎಲ್ಲರಿಗೂ ಕಳಿಸಿ.

ವಕೀಲರು: ಇದು ಮೂರನೇ ಸಲ. ಎಚ್ಚರಿಕೆ ಬರೆಯಲೇಬೇಕು, ಬರೆದ ಮಾತ್ರಕ್ಕೆ ಉಳಿದದ್ದೆಲ್ಲ ಮಾಫಿ ಆಗಲ್ಲ. ಇದನ್ನು ನಂಬಿದವರ ಕೇಸು ನೀವೇ ನಡೆಸಿಕೊಡಿ.

ಮಹೇಶ: ಸುಮ್ನೆ ಕಳಿಸಿದ್ದು ಮೇಡಂ, ಕೋಪ ಯಾಕೆ?

ಪುಟ್ಟಸ್ವಾಮಿ, ತಂಬಾಕು ಬೆಳೆಗಾರ, ಹುಣಸೂರು: ನಮ್ಮ ಬೆಳೆ ಹರಾಜು ಮಾಡಿಸುವುದು ಸರ್ಕಾರದ ತಂಬಾಕು ಮಂಡಳಿಯೇ. ನಾವು ಬೆಳೆದರೆ ಸರಿ, ಅವರು ತೆರಿಗೆ ತಗೊಂಡರೆ ಸರಿ, ಬೋರ್ಡು ಮಾತ್ರ ತಪ್ಪಾ? ದಿನಾ ಸೇದುವವನು ಬೋರ್ಡು ನೋಡಿಕೊಂಡು ಬರ್ತಾನಾ?

ಗೀತಾ, ಸ್ಟೇಷನರಿ: ಬರಲ್ಲ ಅಂದಮೇಲೆ ಕಂಪನಿಯವರು ತಿಂಗಳ ದುಡ್ಡು ಯಾಕೆ ಕೊಡ್ತಾರೆ? ಹೊಸಬರನ್ನು ಹಿಡಿಯೋಕೆ ಅಲ್ವಾ? ನನ್ನ ತಮ್ಮನಿಗೆ ದವಡೆ ಆಪರೇಷನ್ ಆಗಿದೆ. ಅವನು ಶುರು ಮಾಡಿದಾಗ ಹತ್ತನೇ ಕ್ಲಾಸು.

ಪುಟ್ಟಸ್ವಾಮಿ: ಅದಕ್ಕೆ ಬೋರ್ಡು ಕಾರಣ ಅಂತ ಯಾರು ಹೇಳಿದ್ದು?

ಗೀತಾ: ನಿಮಗೆ ಹೇಳಿ ಪ್ರಯೋಜನವಿಲ್ಲ ಬಿಡಿ.

ಇಮ್ರಾನ್, ಜ್ಯೂಸ್ ಸೆಂಟರ್: ಟಿವಿಯಲ್ಲಿ ಗುಟ್ಕಾ ಬ್ರ್ಯಾಂಡಿನ ಹೆಸರಲ್ಲೇ ಬರೋ ಏಲಕ್ಕಿ ಜಾಹೀರಾತಿಗೆ ದೊಡ್ಡ ದೊಡ್ಡ ನಟರು ಬರ್ತಾರಲ್ಲ, ಅದು ಪರೋಕ್ಷ ಅಲ್ವಾ ಮೇಡಂ?

ರಾಜು: ಗೊತ್ತಿರೋ ಗಿರಾಕಿಗೆ ಒಂದೇ ಒಂದು ಬಿಡಿ ಸಿಗರೇಟು ಕೊಟ್ಟರೆ?

ವಕೀಲರು: ರಾಜು, ಮೇಲೆ ಓದಿ. 21 ವರ್ಷ ಆಗದವರಿಗೆ ಪ್ಯಾಕೂ ಕೊಡುವಂತಿಲ್ಲ.

ಸೋಮಣ್ಣ: ಇಳಿಸಿದೆ ಮೇಡಂ. ಏಜೆಂಟ್ ಫೋನ್ ಎತ್ತುತ್ತಿಲ್ಲ.

ವಕೀಲರು: ಎತ್ತಲ್ಲ. ಮೆಸೇಜಿನಲ್ಲಿ ಬರೆದು ಕಳಿಸಿ. ನಾಳೆ ಕಾಗದ ತಗೊಂಡು ಆಫೀಸಿಗೆ ಬನ್ನಿ.

ಇಮ್ರಾನ್: ಮೇಡಂ, ಏಲಕ್ಕಿ?