ಅಪ್ಪ ಪಾಸಿಟಿವ್, ಮಗು ನೆಗೆಟಿವ್. ಹೀಗೂ ಆಗುತ್ತಾ?

ಶಿಡ್ಲಘಟ್ಟದವಳು:
ನನ್ನದು ಎ ನೆಗೆಟಿವ್, ಯಜಮಾನರದ್ದು ಓ ಪಾಸಿಟಿವ್. ಮೊದಲ ಮಗಳು ಓ ನೆಗೆಟಿವ್. ಅದಕ್ಕೇ ಹೆರಿಗೆಯಾದ ಮೇಲೆ ಇಂಜೆಕ್ಷನ್ ಬೇಡ ಅಂದರು. ಈಗ ಮತ್ತೆ ಐದು ತಿಂಗಳು. ಮೊನ್ನೆ ತಾಯಿ ಕಾರ್ಡ್ ನೋಡಿದ ಓರಗಿತ್ತಿ, 'ಅಪ್ಪ ಪಾಸಿಟಿವ್ ಇದ್ದು ಮಗು ಹೇಗೆ ನೆಗೆಟಿವ್?' ಅಂತ ಹುಳದ ಮನೆಯಲ್ಲಿ ಎಲ್ಲರ ಮುಂದೆ ಕೇಳಿದಳು. ಸೊಪ್ಪು ಹಾಕುತ್ತಿದ್ದ ಅತ್ತೆ ಏನೂ ಮಾತಾಡಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಲ್ಯಾಬಿನವರು ತಪ್ಪು ಬರೆದಿರಬಹುದಾ? ಈ ಸಲ ಇಂಜೆಕ್ಷನ್ ಬೇಕಾ? ಮಧ್ಯೆ ಒಂದು ಮೂರು ತಿಂಗಳಿಗೇ ಹೋಯಿತು, ಕ್ಲೀನ್ ಮಾಡಿಸಿದೆವು. ಅದು ಬಿಟ್ಟರೆ ಆರೋಗ್ಯವಾಗಿದ್ದೇನೆ.

ಮುಳಬಾಗಿಲು ದೋಸೆ:
ಗಂಡ ಹೆಂಡತಿ ಗ್ರೂಪ್ ಒಂದೇ ಆದರೆ ತಾನೇ ತೊಂದರೆ? ನಿಮ್ಮದು ಬೇರೆ ಬೇರೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹಳೇ ಲ್ಯಾಬಿನವನು, ಕೋಲಾರ:
ದೋಸೆಯವರೇ, ಅದು ಉಲ್ಟಾ. ಗ್ರೂಪ್ ಒಂದೇ ಇದ್ದರೆ ಏನೂ ಆಗುವುದಿಲ್ಲ. ನೋಡಬೇಕಾದ್ದು ತಾಯಿ ನೆಗೆಟಿವ್, ಹೊಟ್ಟೆಯಲ್ಲಿರುವ ಮಗು ಪಾಸಿಟಿವ್ ಇದ್ದಾಗ.

ಮೊದಲು ಓರಗಿತ್ತಿಗೆ ಉತ್ತರ. ಎಲ್ಲರಿಗೂ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬರುತ್ತದೆ. ಒಂದರಲ್ಲಿ ಡಿ (ಕೆಂಪು ಕಣದ ಮೇಲಿನ ಒಂದು ಗುರುತು) ಇದ್ದರೂ ಸಾಕು, ರಿಪೋರ್ಟಿನಲ್ಲಿ ಪಾಸಿಟಿವ್. ನಿಮ್ಮ ಯಜಮಾನರಿಗೆ ಒಂದರಲ್ಲಿ ಮಾತ್ರ ಇದೆ, ಮಗಳಿಗೆ ಹೋದದ್ದು ಇನ್ನೊಂದು. ಅತ್ತೆ ಮಾವ ಇಬ್ಬರೂ ಪಾಸಿಟಿವ್ ಇದ್ದರೂ ಹೀಗಾಗಬಹುದು. ಓ ಬಂದದ್ದೂ ಸರಿಯೇ. ಅಪ್ಪನ ಹತ್ತಿರ ಇದ್ದದ್ದೇ ಓ, ನಿಮ್ಮ ಎ ಹಿಂದೆಯೂ ಒಂದು ಓ ಅಡಗಿದೆ. ಲ್ಯಾಬಿನವರನ್ನು ಬಿಟ್ಟುಬಿಡಿ, ಪಾಪ. ಈ ಮಗು ಪಾಸಿಟಿವ್ ಆಗುವ ಸಾಧ್ಯತೆ ಅರ್ಧಕ್ಕರ್ಧ.

ನನಗೆ ಚಿಂತೆ ಬೇರೆ. ಮೂರು ತಿಂಗಳಿಗೇ ಹೋಯಿತು ಅಂತ ಒಂದೇ ಸಾಲಲ್ಲಿ ಮುಗಿಸಿದಿರಲ್ಲ, ಆಗ ಆಂಟಿ-ಡಿ, ಅಂದರೆ ನೀವು ಕೇಳಿದ ಆ ಇಂಜೆಕ್ಷನ್, ಕೊಟ್ಟರಾ? ಅದರ ಗ್ರೂಪ್ ಯಾರಿಗೂ ಗೊತ್ತಿಲ್ಲ. ಅದು ಪಾಸಿಟಿವ್ ಆಗಿದ್ದು, ಅದರ ರಕ್ತ ಚೂರು ನಿಮಗೆ ಸೇರಿದ್ದರೂ ನಿಮ್ಮ ಮೈಯಲ್ಲಿ ಆ ಡಿ ವಿರುದ್ಧ ಹೋರಾಡುವ ಆಂಟಿಬಾಡಿ ಹುಟ್ಟಿರಬಹುದು. ಈ ಮಗು ಪಾಸಿಟಿವ್ ಆದರೆ ಅದರ ಕೆಂಪು ಕಣಗಳನ್ನು ಆ ಆಂಟಿಬಾಡಿ ಒಡೆಯುತ್ತದೆ. ಮಗುವಿಗೆ ರಕ್ತ ಕಮ್ಮಿಯಾಗುತ್ತದೆ, ಹುಟ್ಟಿದ ಮೇಲೆ ಜೋರು ಕಾಮಾಲೆ ಬರುತ್ತದೆ. ನಿಮಗೆ ಮಾತ್ರ ಏನೂ ಗೊತ್ತಾಗುವುದಿಲ್ಲ.

ಈ ವಾರವೇ ಡಾಕ್ಟರಿಗೆ ಆ ಅಬಾರ್ಷನ್ ವಿಷಯ ಹೇಳಿ ಐಸಿಟಿ ಮಾಡಿಸಿ. ನಿಮ್ಮ ರಕ್ತದಲ್ಲಿ ಆ ಆಂಟಿಬಾಡಿ ಇದೆಯಾ ಅಂತ ನೋಡುವ ಟೆಸ್ಟ್ ಅದು, ಇಂಡೈರೆಕ್ಟ್ ಕೂಂಬ್ಸ್ ಅಂದರೂ ಅದೇ. ನೆಗೆಟಿವ್ ಬಂದರೆ 28ನೇ ವಾರಕ್ಕೆ ಆಂಟಿ-ಡಿ, ಸಾಮಾನ್ಯವಾಗಿ 300 ಮೈಕ್ರೋಗ್ರಾಂ. ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಂದು. ಐಸಿಟಿಯಲ್ಲಿ ನಿಮ್ಮ ಮೈಯೇ ಮಾಡಿಕೊಂಡ ಡಿ ಆಂಟಿಬಾಡಿ ಕಂಡರೆ, ಅದು ಹುಟ್ಟದಂತೆ ತಡೆಯುವ ಈ ಇಂಜೆಕ್ಷನ್ನಿಂದ ಉಪಯೋಗವಿಲ್ಲ. ಆಗ ಸ್ಕ್ಯಾನಿಂಗಿನಲ್ಲಿ ಮಗುವಿನ ಮೆದುಳಿನ ರಕ್ತನಾಳದ ಹರಿವು ನೋಡುತ್ತಾ ಹೋಗುತ್ತಾರೆ. ತೀರಾ ಬೇಕಾದರೆ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ರಕ್ತ ಕೊಡುತ್ತಾರೆ. ಅದಕ್ಕೆ ಬೆಂಗಳೂರಿಗೇ ಹೋಗಬೇಕಾದೀತು.

ಶಿಡ್ಲಘಟ್ಟದವಳು:
ಆಗ ಇಂಜೆಕ್ಷನ್ ಕೊಡಲಿಲ್ಲ ಸರ್. ಆ ನರ್ಸಿಂಗ್ ಹೋಮಿನ ಡಿಸ್ಚಾರ್ಜ್ ಚೀಟಿಯಲ್ಲಿ ನನ್ನ ಗ್ರೂಪನ್ನೇ ಬರೆದಿಲ್ಲ. ನಿಮ್ಮ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. ನಾಳೆ ಅವರೇ ಜೊತೆಗೆ ಬರುತ್ತಾರಂತೆ. ಈ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಹಳೇ ಲ್ಯಾಬಿನವನು, ಕೋಲಾರ:
ಬೇಡ, ತಿಂಡಿ ತಿಂದೇ ಹೋಗಿ. ಆ ಚೀಟಿಯನ್ನೂ ತೆಗೆದುಕೊಂಡು ಹೋಗಿ.