ದಾವಣಗೆರೆಯಿಂದ ದೆಹಲಿಗೆ: ವಿಮಾನದ ದೂರ 1,700 ಅಂತಾರೆ, 918 ಅಂತಾರೆ, ಯಾವುದು ಸರಿ?

ವಿದ್ಯಾನಗರದವ, ದಾವಣಗೆರೆ:
ಬೆಂಗಳೂರು–ದೆಹಲಿ ವಿಮಾನದ ದೂರ ಒಂದು ಕಡೆ 1,700, ಇನ್ನೊಂದು ಕಡೆ 918 ಅಂತ ಇದೆ. ಹಾರಾಟದ ಅವಧಿ 2 ಗಂಟೆ 5 ನಿಮಿಷ ಅಂತ ತೋರಿಸುತ್ತೆ, ಟಿಕೆಟ್ ನೋಡಿದರೆ 2 ಗಂಟೆ 50 ನಿಮಿಷ. ಯಾವುದನ್ನ ನಂಬೋದು? ಇಲ್ಲಿಂದ ಹೊರಡೋರಿಗೆ ಹುಬ್ಬಳ್ಳಿ ವಾಸಿನಾ, ಬೆಂಗಳೂರಾ? ಜೊತೆಗೆ ವಯಸ್ಸಾದವರು ಇರ್ತಾರೆ.

ರನ್‌ವೇ 09:
ಎರಡೂ ಒಂದೇ ಸರ್. 918 ಅನ್ನೋದು ನಾಟಿಕಲ್ ಮೈಲಿ, 1.852ರಿಂದ ಗುಣಿಸಿದರೆ 1,700 ಕಿ.ಮೀ. ಅದೂ ಗೋಳದ ಮೇಲೆ ಎಳೆದ ಅತಿ ಹತ್ತಿರದ ಗೆರೆ. ವಿಮಾನ ಅದಕ್ಕೆ ಗೊತ್ತುಮಾಡಿದ ದಾರಿಯಲ್ಲಿ ಹೋಗೋದರಿಂದ ಸ್ವಲ್ಪ ಹೆಚ್ಚೇ ಹಾರುತ್ತೆ.

2.05 ಬಂದಿರೋದು 1,700ನ್ನ ಎ320 ಥರದ ವಿಮಾನದ ವೇಗದಿಂದ, ಅಂದ್ರೆ ಗಂಟೆಗೆ ಸುಮಾರು 830 ಕಿ.ಮೀ.ಯಿಂದ ಭಾಗಿಸಿ. ಏರುವಾಗ, ಇಳಿಯುವಾಗ ಆ ವೇಗ ಎಲ್ಲಿ ಬರಬೇಕು? ಚಕ್ರ ನೆಲ ಬಿಟ್ಟಲ್ಲಿಂದ ನೆಲ ಮುಟ್ಟೋವರೆಗೆ ಸಾಮಾನ್ಯವಾಗಿ 2.20ರಿಂದ 2.30. ಟಿಕೆಟ್‌ನ ಸಮಯ ಗೇಟ್‌ನಿಂದ ಗೇಟ್‌ಗೆ. ರನ್‌ವೇವರೆಗೆ ತೆವಳೋದು, ಸಾಲಲ್ಲಿ ಕಾಯೋದು, ದೆಹಲಿಯಲ್ಲಿ ಇಳಿದ ಮೇಲಿನ ಕಾಲು ಗಂಟೆ ಎಲ್ಲಾ ಅದರೊಳಗೆ. ಕಂಪನಿಯವರು ಸ್ವಲ್ಪ ಸಮಯ ಕೈಯಲ್ಲೂ ಇಟ್ಟುಕೊಂಡಿರ್ತಾರೆ. ಅದಕ್ಕೇ ಇಪ್ಪತ್ತು ನಿಮಿಷ ತಡವಾಗಿ ಹೊರಟದ್ದೂ ಹೊತ್ತಿಗೆ ಸರಿಯಾಗಿ ಇಳಿಯೋದುಂಟು. ನಿಮ್ಮ ಲೆಕ್ಕಕ್ಕೆ 2.50 ಹಿಡೀರಿ.

ದುಬೈ ಟಿಕೆಟ್ ನೋಡೋರಿಗೂ ಒಂದು ಮಾತು: 10ಕ್ಕೆ ಹೊರಟು 12.30ಕ್ಕೆ ತಲುಪುತ್ತೆ ಅಂತಿದ್ದರೆ ಅದು ಎರಡೂವರೆ ಗಂಟೆಯಲ್ಲ, ನಾಲ್ಕು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ.

ಹರಿಹರ ಕಡೆಯವ:
ಹುಬ್ಬಳ್ಳಿ–ದೆಹಲಿ ಆಕಾಶದಲ್ಲಿ ಸುಮಾರು 1,475 ಕಿ.ಮೀ. ಬೆಂಗಳೂರಿಗೆ ಹೋಲಿಸಿದರೆ ಹಾರಾಟದಲ್ಲಿ ಉಳಿತಾಯ ಆಗೋದು ಕಾಲು ಗಂಟೆ ಅಷ್ಟೆ, ಲಾಭ ಇರೋದು ರಸ್ತೆಯಲ್ಲಿ. ದಾವಣಗೆರೆಯಿಂದ ರಾಣೆಬೆನ್ನೂರು, ಹಾವೇರಿ ಮೇಲೆ ಹುಬ್ಬಳ್ಳಿ ನಿಲ್ದಾಣ ಸುಮಾರು 150 ಕಿ.ಮೀ., ಎರಡೂವರೆ ಗಂಟೆ. ಬೆಂಗಳೂರು ನಿಲ್ದಾಣ ಸುಮಾರು 270. ವಿಮಾನ ಮಧ್ಯಾಹ್ನದ ಮೇಲಿದ್ದರೆ ಧಾರವಾಡಕ್ಕೆ ಹೋಗೋ ಬೆಳಗಿನ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತೆ, ವಯಸ್ಸಾದವರಿಗೆ ಕಾರಿಗಿಂತ ಹಗುರ.

ಆದರೆ ನೇರ ವಿಮಾನ ನಿಮ್ಮ ತಾರೀಖಿಗೆ ಇದೆಯಾ ಅಂತ ಮೊದಲು ನೋಡಿ. ಬೆಂಗಳೂರಲ್ಲಿ ಇಳಿಸಿ ಹತ್ತಿಸೋ ಟಿಕೆಟ್ ಆದರೆ ಉಳಿಸಿದ್ದೆಲ್ಲ ಅಲ್ಲೇ ಹೋಯ್ತು. ಹುಬ್ಬಳ್ಳಿ ವಿಮಾನ ರದ್ದಾದರೆ ಅದೇ ದಿನ ಇನ್ನೊಂದು ಸಿಗೋದೂ ಕಷ್ಟ.

ಕೋಟೆ ಬಾಗಿಲು, ಚಿತ್ರದುರ್ಗ:
ದುರ್ಗದವರಿಗೆ ಲೆಕ್ಕ ಉಲ್ಟಾ, ನಮಗೆ ಬೆಂಗಳೂರೂ ಹುಬ್ಬಳ್ಳಿಯೂ ಹೆಚ್ಚುಕಡಿಮೆ ಒಂದೇ ದೂರ. ಹಾಗಾಗಿ ವಿಮಾನ ಜಾಸ್ತಿ ಇರೋ ಬೆಂಗಳೂರೇ ಸರಿ. ಹೋಗೋರು ನೆಲಮಂಗಲ, ಹೆಬ್ಬಾಳದ ಟ್ರಾಫಿಕ್‌ಗೆ ಸಿಕ್ಕಿಹಾಕಿಕೊಳ್ಳಬೇಡಿ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ, ದೊಡ್ಡಬಳ್ಳಾಪುರ, ದೇವನಹಳ್ಳಿ. 10ರ ವಿಮಾನಕ್ಕೆ ದಾವಣಗೆರೆ ಬಿಡೋದು 3ಕ್ಕೆ. ಬ್ಯಾಗ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತೆ, ಆಮೇಲೆ ಎಷ್ಟು ಗೋಗರೆದರೂ ತಗೊಳ್ಳಲ್ಲ.

ವಿದ್ಯಾನಗರದವ, ದಾವಣಗೆರೆ:
ಶಿವಮೊಗ್ಗ ಹೇಗೆ? ಹೊನ್ನಾಳಿ ಮೇಲೆ ಎರಡು ಗಂಟೆ ಅಷ್ಟೆ.

ರನ್‌ವೇ 09:
ಹೋಗಬಹುದು, ಆದರೆ ಬೆಂಗಳೂರಲ್ಲೋ ಹೈದರಾಬಾದಲ್ಲೋ ವಿಮಾನ ಬದಲಿಸಬೇಕು. ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ ತಗೊಳ್ಳಿ. ಬೇರೆ ಬೇರೆ ತಗೊಂಡು ಮೊದಲನೆಯದು ಮಳೆ-ಮೋಡಕ್ಕೆ ತಡವಾದರೆ ಎರಡನೆಯದರ ದುಡ್ಡು ಹೋದಂಗೆ. ಡಿಸೆಂಬರ್–ಜನವರಿ ಆದರೆ ದೆಹಲಿಯಲ್ಲಿ ಬೆಳಗಿನ ಹೊತ್ತು ಮಂಜು. ಮಧ್ಯಾಹ್ನ ಇಳಿಯೋದನ್ನೇ ಬುಕ್ ಮಾಡಿ.