ಅಜಿಕಾನ್‌ನ ಯಾವ ಹಾಡು ನುಡಿಸೋಣ?

ಕಲಬುರಗಿ ನಾಲ್ವರು:
ನಾವು ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಎರಡು ಗಿಟಾರ್, ಒಂದು ಬಾಸ್, ಒಂದು ಡ್ರಮ್ಸ್. ಕಾಲೇಜ್ ಫೆಸ್ಟ್‌ನಲ್ಲಿ ಜಪಾನಿನ ಏಷಿಯನ್ ಕುಂಗ್‌ಫೂ ಜನರೇಷನ್ (ಚಿಕ್ಕದಾಗಿ ಅಜಿಕಾನ್) ಬ್ಯಾಂಡಿನ ಒಂದು ಹಾಡು ನುಡಿಸುವ ಆಸೆ. ಎಲ್ಲರೂ ಹೇಳುವುದು 'ಹರುಕ ಕನತ', 'ರೀರೈಟ್', 'ಆಫ್ಟರ್ ಡಾರ್ಕ್', 'ರೀ:ರೀ:'. ಕೇಳುವವರಲ್ಲಿ ಅನಿಮೆ (ಜಪಾನಿನ ಕಾರ್ಟೂನ್) ನೋಡದವರೇ ಜಾಸ್ತಿ. ಹಾಡುವವನಿಗೆ ಜಪಾನೀಸ್ ಬರುವುದಿಲ್ಲ. ಯಾವುದು ಹಿಡಿಯೋಣ?

ಬೀದರ್ ಬಾಸ್:
ತಮ್ಮಾ, ಅಜಿಕಾನ್ ಹೆಸರು ನಮ್ಮ ಕಡೆಯವರು ಕೇಳಿದ್ದು ನೋಡಿ ಖುಷಿಯಾಯಿತು. ನಾನು ಬಾಸ್ ನುಡಿಸುವವನು, ಹಾಗಾಗಿ 'ಹರುಕ ಕನತ' ಅಂದರೆ ಜೀವ. ಹಾಡು ಶುರುವಾಗುವುದೇ ಬಾಸ್‌ನಿಂದ. 2002ರಲ್ಲಿ ಬಂದದ್ದು, ಆಮೇಲೆ ನರುತೊ ಅನಿಮೆಯ ಎರಡನೇ ಓಪನಿಂಗ್ ಹಾಡು ಆಯಿತು. ಟಿವಿಯಲ್ಲಿ ಕೇಳಿದ್ದು ಒಂದೂವರೆ ನಿಮಿಷ ಮಾತ್ರ, ಪೂರ್ತಿ ಹಾಡು ನಾಲ್ಕು ನಿಮಿಷದ ಹತ್ತಿರ ಇದೆ. ವೇಗ ಜಾಸ್ತಿ. ಅಷ್ಟು ಹೊತ್ತು ನಿಮ್ಮ ಡ್ರಮ್ಮರ್ ಕೈ ತಾಳುತ್ತದಾ, ಮೊದಲು ನೋಡಿ.

ಫೆಸ್ಟ್‌ಗೆ 'ರೀರೈಟ್' ಹೆಚ್ಚು ಸರಿ. 2004ರ ಹಾಡು, ಫುಲ್‌ಮೆಟಲ್ ಆಲ್ಕೆಮಿಸ್ಟ್ ಅನಿಮೆಯಲ್ಲಿ ಬಂದಿತ್ತು. ಪಲ್ಲವಿಯಲ್ಲಿ ಬ್ಯಾಂಡಿನ ಹಾಡುಗಾರ ಗೊತೊ ಗಂಟಲು ಹರಿಯುವ ಹಾಗೆ 'ಕೆಶಿತೇ' ಅಂತ ಕೂಗುತ್ತಾರಲ್ಲ, ಎರಡನೇ ಸಲಕ್ಕೆ ಅನಿಮೆ ನೋಡದವರೂ ಜೊತೆಗೆ ಕೂಗುತ್ತಾರೆ. ಭಾಷೆಯ ಚಿಂತೆ ಬಿಡಿ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಅವರ ಪದಗಳೂ ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ನಮ್ಮ ನಾಲಿಗೆಗೆ ಸಲೀಸು.

'ರೀ:ರೀ:' ಹಿಡಿದರೆ ಒಂದು ಮಾತು. ಅದಕ್ಕೆ ಎರಡು ರೆಕಾರ್ಡಿಂಗ್ ಇವೆ. 2004ರ 'ಸೋಲ್-ಫಾ' ಆಲ್ಬಮ್ ಅನ್ನು 2016ರಲ್ಲಿ ಅವರು ಪೂರ್ತಿ ಮತ್ತೆ ನುಡಿಸಿದರು. ಹೊಸದರಲ್ಲಿ ಹಾಡು ಶುರುವಾಗುವ ಮುಂಚಿನ ಗಿಟಾರ್ ಉದ್ದ ಇದೆ, ನನಗೆ ಅದೇ ಇಷ್ಟ. ನಾಲ್ಕೂ ಜನ ಒಂದೇ ರೆಕಾರ್ಡಿಂಗ್ ಕೇಳಿ ಕಲಿಯಿರಿ, ಇಲ್ಲದಿದ್ದರೆ ಪ್ರಾಕ್ಟೀಸ್‌ನಲ್ಲಿ ಬರೀ ಜಗಳ.

ಯಾದಗಿರಿ ಗಿಟಾರ್:
ಅಣ್ಣ ಹೇಳಿದ್ದೆಲ್ಲ ಒಪ್ಪಿದೆ. ನಾನು ಈ ಬ್ಯಾಂಡಿಗೆ ಬಂದದ್ದು 2022ರ 'ಬೊಚ್ಚಿ ದ ರಾಕ್' ಅನಿಮೆ ನೋಡಿ. ಅದರಲ್ಲಿನ ನಾಲ್ಕು ಹುಡುಗಿಯರ ಮನೆತನದ ಹೆಸರು ಗೊತೊ, ಕಿಟಾ, ಯಮದಾ, ಇಜಿಚಿ. ಅಜಿಕಾನ್‌ನ ನಾಲ್ವರ ಹೆಸರೂ ಅವೇ! ಕೊನೆಯ ಕಂತಿನಲ್ಲಿ ಬರುವ 'ಕೊರೊಗರು ಇವಾ, ಕಿಮಿ ನಿ ಅಸ ಗ ಫುರು' ಮೂಲದಲ್ಲಿ ಅಜಿಕಾನ್‌ನ 2008ರ ಹಾಡು. ಇದರಲ್ಲಿ ಅಷ್ಟೊಂದು ಕೂಗಾಟ ಇಲ್ಲ. ಹೊಸದಾಗಿ ಹಾಡುವವರಿಗೆ ಒಳ್ಳೆಯದು ಅಲ್ವಾ?

ಕಲಬುರಗಿ ನಾಲ್ವರು:
ಥ್ಯಾಂಕ್ಸ್ ಅಣ್ಣಾ, ಅಕ್ಕಾ. ನಮ್ಮ ಡ್ರಮ್ಮರ್ 'ಸೊರಾನಿನ್' ಅನ್ನುತ್ತಿದ್ದಾನೆ. ಫೆಸ್ಟ್‌ನಲ್ಲಿ ಅದು ನಡೆಯುತ್ತದಾ?

ಬೀದರ್ ಬಾಸ್:
ಆ ಹುಡುಗನಿಗೆ ನನ್ನ ನಮಸ್ಕಾರ ಹೇಳಿ. ನಡೆಯುತ್ತದೆ, ಅದನ್ನೇ ಹಿಡಿಯಿರಿ. ಇದು ಮೊದಲು ಇನಿಯೊ ಅಸಾನೊ ಅವರ ಮಾಂಗಾದಲ್ಲಿ (ಜಪಾನಿನ ಕಾಮಿಕ್ಸ್) ಇತ್ತು, ಬರೀ ಸಾಲುಗಳಾಗಿ. 2010ರಲ್ಲಿ ಆ ಕಥೆ ಸಿನಿಮಾ ಆದಾಗ ಆ ಸಾಲುಗಳಿಗೆ ರಾಗ ಹಾಕಿದ್ದು ಗೊತೊ. ಕಥೆಯಲ್ಲಿ ಹುಡುಗ ಸತ್ತು ಹೋಗುತ್ತಾನೆ. ಅವನ ಹುಡುಗಿ ಅವನದೇ ಗಿಟಾರ್ ಕಲಿತು, ಅವನ ಗೆಳೆಯರ ಜೊತೆ ನಿಂತು ಈ ಹಾಡು ಹಾಡುತ್ತಾಳೆ. ದೊಡ್ಡ ಸ್ಟಾರ್‌ಗಳಲ್ಲ, ಸಾಮಾನ್ಯ ಹುಡುಗರು ನುಡಿಸಲಿ ಅಂತಲೇ ಕಥೆಯಲ್ಲಿ ಹುಟ್ಟಿದ ಹಾಡು ಇದು. ನಿಮ್ಮ ಹಾಡುವವನ ದನಿ ಸ್ವಲ್ಪ ಒಡೆದರೂ ಹಾಡು ಕೆಡುವುದಿಲ್ಲ. ಮೊದಲು 'ಸೊರಾನಿನ್', ಜನ ಸೇರಿದ ಮೇಲೆ 'ರೀರೈಟ್'. ನಾನಾಗಿದ್ದರೆ ಹೀಗೇ ಮಾಡುತ್ತಿದ್ದೆ.

ಇನ್ನೊಂದು, ಇದು ಫೆಸ್ಟ್‌ಗಲ್ಲ, ಸುಮ್ನೆ ಕೇಳುವುದಕ್ಕೆ. ಬೀದರ್–ಕಲಬುರಗಿ ರೈಲಿನಲ್ಲಿ ಕೂತರೆ ನಾನು ಹಾಕುವುದು ಅವರ 'ಸರ್ಫ್ ಬುಂಗಾಕು ಕಮಾಕುರ', 2008ರ ಆಲ್ಬಮ್. ಫುಜಿಸಾವದಿಂದ ಕಮಾಕುರಕ್ಕೆ ಸಮುದ್ರದ ಪಕ್ಕ ಹೋಗುವ ಎನೊಡೆನ್ ಅಂತ ಒಂದು ಸಣ್ಣ ರೈಲು ಇದೆ. ಅದರ ನಿಲ್ದಾಣಗಳ ಹೆಸರಲ್ಲೇ ಹಾಡುಗಳು. ಆಗ ಕೆಲವು ನಿಲ್ದಾಣ ಬಿಟ್ಟು ಹೋಗಿದ್ದವು, 2023ರಲ್ಲಿ ಅವನ್ನೂ ಸೇರಿಸಿ 15 ಪೂರ್ತಿ ಮಾಡಿದರು. ಕಮಲಾಪುರಕ್ಕೂ ಹುಮನಾಬಾದಿಗೂ ಹೀಗೆ ಒಂದೊಂದು ಹಾಡು ಬೇಕು. ನಿಮ್ಮಂಥವರು ಬರೆದರೆ ಬಾಸ್ ನುಡಿಸಲು ನಾನು ಬರುತ್ತೇನೆ.

ಫೆಸ್ಟ್ ಯಾವಾಗ? ಹೈದರಾಬಾದಿನಿಂದ ಬಾಸ್ ತಂತಿ ತರಿಸುವವನಿದ್ದೇನೆ. ನಿಮಗೂ ಒಂದು ಸೆಟ್ ಬೇಕಿದ್ದರೆ ಈ ವಾರದಲ್ಲಿ ಹೇಳಿ.